ಇಂಗ್ಲೆಂಡಿನಲ್ಲಿ ಅಮೆರಿಕದ ಗುರುತುಗಳು: ಒಂದೇ ದಿನವಿದ್ದರೆ ಯಾವ ತಾಣ ನೋಡಬೇಕು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿಗೆ ಬರುವಾಗಲೋ ಹಿಂತಿರುಗುವಾಗಲೋ ಲಂಡನ್ನಿನ ನೆಂಟರ ಮನೆಯಲ್ಲಿ ಎರಡು ಮೂರು ದಿನ ಇಳಿದುಕೊಳ್ಳುವುದು ಈಗ ಸಾಮಾನ್ಯವಾಗಿದೆ. ಮಕ್ಕಳು ಶಾಲೆಯಲ್ಲಿ, ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಮೇಫ್ಲವರ್ ಹಡಗಿನ ಕಥೆಯನ್ನು, ಜಾರ್ಜ್ ವಾಷಿಂಗ್ಟನ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಅವರ ಬದುಕನ್ನು ಓದಿಕೊಂಡಿರುತ್ತಾರೆ. ಆ ಕಥೆಗಳ ಮೊದಲ ಭಾಗ ನಡೆದದ್ದು ಇಂಗ್ಲೆಂಡಿನ ಹಳ್ಳಿ, ಬಂದರು ಮತ್ತು ಚರ್ಚುಗಳಲ್ಲಿ ಎಂಬುದು ಗೊತ್ತಾದ ಮೇಲೆ ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ತೊಡಕಿರುವುದು ಆಯ್ಕೆಯಲ್ಲಿ. ಈ ತಾಣಗಳು ನೈರುತ್ಯದ ಪ್ಲಿಮತ್‌ನಿಂದ ಈಶಾನ್ಯದ ವಾಷಿಂಗ್ಟನ್ ಎಂಬ ಊರಿನವರೆಗೆ ಚದುರಿಹೋಗಿವೆ. ಲಂಡನ್ನಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳಬೇಕಾದವರು ಒಂದನ್ನು ಹಿಡಿದರೆ ಉಳಿದವನ್ನು ಬಿಡಲೇಬೇಕು.

ಹೋಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಾವು ನೋಡಲು ಹೊರಟಿರುವುದು ಆ ಕಾಲದ ಕಟ್ಟಡವೋ, ಅಥವಾ ಆ ಘಟನೆಯ ನೆನಪಿಗೆ ಮುಂದೆ ಎಂದೋ ಕಟ್ಟಿದ ಸ್ಮಾರಕವೋ? ಎರಡಕ್ಕೂ ಅದರದರ ಬೆಲೆಯಿದೆ. ಆದರೆ ಮೊದಲನೆಯದನ್ನು ನಿರೀಕ್ಷಿಸಿ ಹೋಗಿ ಎರಡನೆಯದನ್ನು ಕಂಡರೆ ಉಂಟಾಗುವ ನಿರಾಸೆ ದೊಡ್ಡದು, ಪ್ರವಾಸದ ಕೈಪಿಡಿಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುವುದು ಅಪರೂಪ. ದಾರಿಗೆ ತಗಲುವ ಹೊತ್ತು, ಕಾರು ಬೇಕೋ ಬೇಡವೋ ಎಂಬುದು, ಜೊತೆಯಲ್ಲಿ ಹಿರಿಯರಿದ್ದಾರೆಯೋ ಮಕ್ಕಳಿದ್ದಾರೆಯೋ ಎಂಬುದು ಇವೆಲ್ಲ ಆಮೇಲಿನ ಪ್ರಶ್ನೆಗಳು. ಇನ್ನೊಂದು ಮಾತು: ವಲಸೆ ಹೋದವರ ಕಥೆ, ವಾಷಿಂಗ್ಟನ್ ಮನೆತನದ ಕಥೆ, ಕಾನೂನಿನ ಕಥೆ, ಯುದ್ಧದ ಕಥೆ ಇವು ಬೇರೆಬೇರೆ ಎಳೆಗಳು, ಒಂದು ದಿನಕ್ಕೆ ಒಂದೇ ಎಳೆಯನ್ನು ಹಿಡಿದರೆ ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಬಾಸ್ಟನ್: ವಲಸೆಯ ಕಥೆಗೆ ಅತ್ಯಂತ ಹತ್ತಿರದ ಊರು

ಮೇಫ್ಲವರ್ ಎಂದೊಡನೆ ಎಲ್ಲರೂ ಪ್ಲಿಮತ್ ಬಂದರಿನ ಹೆಸರು ಹೇಳುತ್ತಾರೆ. 1620ರ ಸೆಪ್ಟೆಂಬರಿನಲ್ಲಿ 102 ಪ್ರಯಾಣಿಕರೊಡನೆ ಹಡಗು ಕೊನೆಯದಾಗಿ ಇಂಗ್ಲೆಂಡನ್ನು ಬಿಟ್ಟದ್ದು ಅಲ್ಲಿಂದಲೇ ಎಂಬುದು ನಿಜ. ಆದರೆ ಅಲ್ಲಿ ಪ್ರವಾಸಿಗಳು ನಿಂತು ಚಿತ್ರ ತೆಗೆಸಿಕೊಳ್ಳುವ ಕಲ್ಲಿನ ಕಮಾನು 1934ರದು. ಯಾತ್ರಿಕರು ಹಡಗು ಹತ್ತಿದ ಮೆಟ್ಟಿಲುಗಳು ಈಗ ಉಳಿದಿಲ್ಲ. ಅದಲ್ಲದೆ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪ್ಲಿಮತ್‌ಗೆ ರೈಲಿನಲ್ಲಿ ಮೂರು ಗಂಟೆಗೂ ಹೆಚ್ಚು ಹೊತ್ತು ಬೇಕು. ಹೋಗಿ ಬರುವುದಕ್ಕೇ ಏಳು ಗಂಟೆ ಕಳೆದು, 1934ರ ಕಮಾನಿನ ಮುಂದೆ ಅರ್ಧ ಗಂಟೆ ನಿಲ್ಲುವುದನ್ನು ಒಂದು ದಿನದ ಪ್ರವಾಸಕ್ಕೆ ನಾನು ಸೂಚಿಸಲಾರೆ. ಡೆವನ್ ಪ್ರಾಂತದಲ್ಲಿ ರಾತ್ರಿ ತಂಗುವವರಿಗೆ ಮಾತ್ರ ಅದು ತಕ್ಕ ಊರು.

ಇದೇ ಕಥೆಯ ಹಿಂದಿನ ಅಧ್ಯಾಯ ನಡೆದದ್ದು ಲಿಂಕನ್‌ಶೈರ್‌ನ ಬಾಸ್ಟನ್‌ನಲ್ಲಿ, ಮತ್ತು ಅಲ್ಲಿ ಆ ಕಾಲದ ಗೋಡೆಗಳೇ ನಿಂತಿವೆ. ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದೆ ಗುಟ್ಟಾಗಿ ಸೇರಿ ಪ್ರಾರ್ಥನೆ ಮಾಡುತ್ತಿದ್ದ ಪ್ರತ್ಯೇಕತಾವಾದಿಗಳ ಗುಂಪೊಂದು 1607ರಲ್ಲಿ ಈ ಊರಿನ ಬಳಿಯ ತೊರೆಯಿಂದ ಹಾಲೆಂಡಿಗೆ ತಪ್ಪಿಸಿಕೊಂಡು ಹೋಗಲು ಒಂದು ಹಡಗನ್ನು ಗೊತ್ತುಮಾಡಿಕೊಂಡಿತು. ಆಗ ಅನುಮತಿಯಿಲ್ಲದೆ ದೇಶ ಬಿಡುವುದು ಅಪರಾಧವಾಗಿತ್ತು. ಹಡಗಿನ ನಾಯಕನೇ ಅವರನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದ. ಅವರನ್ನು ಊರಿಗೆ ಕರೆತಂದು ವಿಚಾರಣೆ ನಡೆಸಿದ್ದು ಗಿಲ್ಡ್‌ಹಾಲ್‌ನಲ್ಲಿ. 1390ರ ದಶಕದಲ್ಲಿ ವರ್ತಕರ ಧಾರ್ಮಿಕ ಸಂಘವೊಂದು ಕಟ್ಟಿಸಿದ ಈ ಇಟ್ಟಿಗೆಯ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದ್ದು, ಅದರ ಕೆಳಗಿರುವ ಇಕ್ಕಟ್ಟಾದ ಸೆರೆಕೋಣೆಗಳನ್ನು ಈಗಲೂ ನೋಡಬಹುದು. ಬಂಧಿತರಲ್ಲಿ ಗುಂಪಿನ ಮುಖಂಡರಲ್ಲೊಬ್ಬನಾದ ವಿಲಿಯಂ ಬ್ರೂಸ್ಟರ್ ಇದ್ದ. ಮುಂದೆ ಅಮೆರಿಕದ ಪ್ಲಿಮತ್ ವಸಾಹತಿನ ಗವರ್ನರ್ ಆಗಿ ಆ ಇಡೀ ಕಥೆಯನ್ನು ಬರೆದಿಟ್ಟ ವಿಲಿಯಂ ಬ್ರಾಡ್‌ಫರ್ಡ್ ಆಗ ಹದಿಹರೆಯದ ಹುಡುಗ. ಮರುವರ್ಷ ಅವರು ಹಂಬರ್ ನದಿಯ ದಡದಿಂದ ಹಾಲೆಂಡ್ ತಲುಪಿದರು, ಅಲ್ಲಿ ಹನ್ನೆರಡು ವರ್ಷ ಬಾಳಿದ ಮೇಲೆ ಅವರಲ್ಲಿ ಕೆಲವರು ಮೇಫ್ಲವರ್ ಹತ್ತಿದರು. ಹಡಗಿನ ಕಥೆ ಹಡಗಿನಿಂದ ಶುರುವಾದದ್ದಲ್ಲ, ಸಿಕ್ಕಿಬಿದ್ದ ಒಂದು ರಾತ್ರಿಯಿಂದ ಶುರುವಾದದ್ದು ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ.

ಗಿಲ್ಡ್‌ಹಾಲ್‌ನಿಂದ ಕೆಲವೇ ನಿಮಿಷ ನಡೆದರೆ ಸೇಂಟ್ ಬಾಟಲ್ಫ್ ಚರ್ಚು. 80 ಮೀಟರಿಗೂ ಎತ್ತರವಾದ ಅದರ ಗೋಪುರ ಸುತ್ತಲಿನ ಸಮತಟ್ಟಾದ ಬಯಲಿನಲ್ಲಿ ಬಹು ದೂರದಿಂದ ಕಾಣುತ್ತದೆ. ಊರವರು ಅದನ್ನು ‘ಸ್ಟಂಪ್’ ಎನ್ನುತ್ತಾರೆ. 1612ರಿಂದ 1633ರವರೆಗೆ ಇಲ್ಲಿ ಪಾದ್ರಿಯಾಗಿದ್ದ ಜಾನ್ ಕಾಟನ್ ತನ್ನ ಪ್ಯೂರಿಟನ್ ನಿಲುವಿನಿಂದಾಗಿ ದೇಶ ಬಿಡಬೇಕಾಗಿ ಬಂದು ಮ್ಯಾಸಚೂಸೆಟ್ಸ್‌ಗೆ ಹೋದ. ಅಷ್ಟರಲ್ಲಾಗಲೇ, 1630ರಲ್ಲಿ, ಅಲ್ಲಿ ಈ ಊರಿನದೇ ಹೆಸರು ಹೊತ್ತ ಹೊಸ ಬಾಸ್ಟನ್ ಹುಟ್ಟಿತ್ತು. ಈ ಸಂದರ್ಭದಲ್ಲಿ ಒಂದನ್ನು ಗಮನಿಸಬೇಕು. 1620ರ ಯಾತ್ರಿಕರು ಚರ್ಚನ್ನೇ ತೊರೆದವರು. 1630ರ ಪ್ಯೂರಿಟನ್ನರು ಅದನ್ನು ಒಳಗಿನಿಂದಲೇ ಶುದ್ಧಿಗೊಳಿಸಬೇಕೆಂದವರು. ಈ ಎರಡು ಗುಂಪುಗಳ ಗುರುತು ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿ ಇಲ್ಲಿ ಸಿಗುವುದರಿಂದ ಆ ವ್ಯತ್ಯಾಸ ತಾನಾಗಿ ಮನದಟ್ಟಾಗುತ್ತದೆ. ಚರ್ಚಿನ ಒಂದು ಪ್ರಾರ್ಥನಾ ಕೋಣೆಯನ್ನು 1857ರಲ್ಲಿ ಅಮೆರಿಕದ ಬಾಸ್ಟನ್ನಿನವರು ಹಣ ಕೊಟ್ಟು ಜೀರ್ಣೋದ್ಧಾರ ಮಾಡಿಸಿ ಅದಕ್ಕೆ ಕಾಟನ್ ಹೆಸರಿಟ್ಟರು.

ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟು ಗ್ರಾಂಥಮ್‌ನಲ್ಲಿ ರೈಲು ಬದಲಿಸಿದರೆ ಎರಡು, ಎರಡೂವರೆ ಗಂಟೆಯಲ್ಲಿ ಬಾಸ್ಟನ್ ತಲುಪಬಹುದು. ಊರೊಳಗೆ ಎಲ್ಲವೂ ನಡಿಗೆಯ ದೂರದಲ್ಲಿದೆ. ಬುಧವಾರ ಮತ್ತು ಶನಿವಾರ ಚರ್ಚಿನ ಪಕ್ಕದ ಬಯಲಿನಲ್ಲಿ ಸಂತೆ ಸೇರುತ್ತದೆ. ಆ ದಿನಗಳಲ್ಲಿ ಹೋದರೆ ಊರು ಲವಲವಿಕೆಯಿಂದಿರುತ್ತದೆ.

ಕಾರಿದ್ದವರು ಇದೇ ಎಳೆಯನ್ನು ಇನ್ನೂ ಹಿಂದಕ್ಕೆ ಹಿಡಿದು ಗೇನ್ಸ್‌ಬರೋ ಓಲ್ಡ್ ಹಾಲ್‌ಗೆ ಹೋಗಬಹುದು. 15ನೆಯ ಶತಮಾನದ ಆ ಮರದ ಮಹಾಗೃಹದ ಒಡೆಯ ಪ್ರತ್ಯೇಕತಾವಾದಿಗಳ ಬಗ್ಗೆ ಸಹಾನುಭೂತಿ ಉಳ್ಳವನಾಗಿದ್ದ. ಅದರ ಮಧ್ಯಯುಗದ ಅಡುಗೆಮನೆಯಂತೂ ಅದ್ಭುತವಾಗಿ ಉಳಿದಿದೆ. ಬ್ರೂಸ್ಟರ್ ಬಾಳಿದ ಸ್ಕ್ರೂಬಿ ಹಳ್ಳಿಯೂ ದೂರವಿಲ್ಲವಾದರೂ ಅಲ್ಲಿನ ಹಳೆಯ ಮನೆಯ ಉಳಿಕೆ ಖಾಸಗಿಯವರ ಸ್ವತ್ತಾಗಿದ್ದು ಹೊರಗಿನಿಂದಷ್ಟೇ ನೋಡಬೇಕು. ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಬಾಸ್ಟನ್ನಿನ ಜೊತೆಗೆ ಯಾವುದಾದರೂ ಒಂದು ಸಾಕು.

ರನ್ನಿಮೀಡ್: ಅರ್ಧ ದಿನದಲ್ಲಿ, ಹಿರಿಯರೊಡನೆ

ದೂರ ಹೋಗಲಾಗದವರಿಗೆ ನನ್ನ ಮೊದಲ ಸಲಹೆ ಥೇಮ್ಸ್ ನದಿಯ ದಂಡೆಯ ರನ್ನಿಮೀಡ್ ಹುಲ್ಲುಗಾವಲು. ವಾಟರ್‌ಲೂ ನಿಲ್ದಾಣದಿಂದ ಎಗಮ್‌ಗೆ ಸುಮಾರು ಮುಕ್ಕಾಲು ಗಂಟೆ, ಅಲ್ಲಿಂದ ಅರ್ಧ ಗಂಟೆಯ ನಡಿಗೆ ಅಥವಾ ಟ್ಯಾಕ್ಸಿ. 1215ರ ಜೂನ್‌ನಲ್ಲಿ ದೊರೆ ಜಾನ್ ಮ್ಯಾಗ್ನ ಕಾರ್ಟ ಎಂಬ ಹಕ್ಕುಪತ್ರಕ್ಕೆ ಮುದ್ರೆ ಹಾಕಿದ್ದು ಇಲ್ಲಿ. ದೇಶದ ಕಾನೂನಿನಂತೆ ವಿಚಾರಣೆ ನಡೆಸದೆ ಸ್ವತಂತ್ರ ಮನುಷ್ಯನನ್ನು ಸೆರೆಯಲ್ಲಿಡಬಾರದು ಎಂಬ ಅದರ ತತ್ತ್ವ ಅಮೆರಿಕದ ಸಂವಿಧಾನದ ಐದನೆಯ ತಿದ್ದುಪಡಿಯವರೆಗೆ ಹರಿದು ಬಂದಿದೆ. ಆ ಋಣವನ್ನು ನೆನೆದು ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 1957ರಲ್ಲಿ ಇಲ್ಲಿ ಒಂದು ಚಿಕ್ಕ ಗುಮ್ಮಟದ ಮಂಟಪವನ್ನು ಕಟ್ಟಿಸಿತು.

ಇಲ್ಲಿ ಹಳೆಯ ಕಟ್ಟಡವೇನೂ ಇಲ್ಲ, ಇರುವುದೆಲ್ಲ ಸ್ಮಾರಕಗಳೇ. ನನ್ನ ಮೊದಲ ಪ್ರಶ್ನೆಗೆ ರನ್ನಿಮೀಡ್ ಕೊಡುವ ಉತ್ತರ ಹಾಗಾಗಿ ದುರ್ಬಲ. ಆದರೂ ನಾನು ಇದನ್ನು ಮೇಲಿನ ಸ್ಥಾನದಲ್ಲಿ ಇಡುವುದಕ್ಕೆ ಕಾರಣಗಳಿವೆ. ಮೊದಲನೆಯದು ಜಾನ್ ಎಫ್. ಕೆನಡಿ ಸ್ಮಾರಕ. ಬ್ರಿಟನ್ ಸರ್ಕಾರ ಇಲ್ಲಿನ ಒಂದು ಎಕರೆ ನೆಲವನ್ನು ಅಮೆರಿಕಕ್ಕೆ ದಾನವಾಗಿ ಕೊಟ್ಟಿತು. ಭೂದೃಶ್ಯ ವಿನ್ಯಾಸಕಾರ ಜೆಫ್ರಿ ಜೆಲಿಕೊ ರೂಪಿಸಿದ ಸ್ಮಾರಕವನ್ನು 1965ರ ಮೇ 14ರಂದು ರಾಣಿ ಎಲಿಜಬೆತ್, ಜಾಕ್ವೆಲಿನ್ ಕೆನಡಿ ಮತ್ತು ಮಕ್ಕಳ ಸಮ್ಮುಖದಲ್ಲಿ ಉದ್ಘಾಟಿಸಿದರು. ಕಾಡಿನ ನಡುವೆ ಏರುವ ಐವತ್ತು ಗ್ರಾನೈಟ್ ಮೆಟ್ಟಿಲುಗಳು, ಮೇಲೆ ಕೆನಡಿಯ ಪ್ರಮಾಣವಚನ ಭಾಷಣದ ಮಾತುಗಳನ್ನು ಕೆತ್ತಿದ ಏಳು ಟನ್ ತೂಕದ ಬಿಳಿಯ ಪೋರ್ಟ್‌ಲ್ಯಾಂಡ್ ಕಲ್ಲು, ಅದರ ಪಕ್ಕದಲ್ಲಿ ಅವರು ಹತರಾದ ನವೆಂಬರ್ ತಿಂಗಳಲ್ಲೇ ಕೆಂಪಾಗುವ ಅಮೆರಿಕದ ಓಕ್ ಮರ: ಸ್ಮಾರಕ ಎಂಬುದು ಹೇಗಿರಬೇಕು ಎಂಬುದಕ್ಕೆ ನಾನು ಬಲ್ಲ ಉತ್ತಮ ಮಾದರಿಗಳಲ್ಲಿ ಇದೂ ಒಂದು. ಮಂಡಿನೋವು ಇರುವ ಹಿರಿಯರಿಗೆ ಮೆಟ್ಟಿಲು ಕಷ್ಟವಾಗಬಹುದು. ಕೆಳಗಿನ ಹುಲ್ಲುಗಾವಲು ಮಾತ್ರ ಸಮತಟ್ಟಾಗಿದೆ.

ಎರಡನೆಯ ಕಾರಣ ಭಾರತದ್ದು, ಅದರಲ್ಲೂ ಮೈಸೂರಿನದು. ಮ್ಯಾಗ್ನ ಕಾರ್ಟ ಮಂಟಪದ ಬಳಿ 1994ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಪಿ. ವಿ. ನರಸಿಂಹ ರಾವ್ ನೆಟ್ಟ ಓಕ್ ಮರವಿದೆ; ಭಾರತದ ಜನ ತಮ್ಮ ಸಂವಿಧಾನದಲ್ಲಿ ನೆಲೆಗೊಳಿಸಿದ ಮೌಲ್ಯಗಳನ್ನು ಅದರ ಫಲಕ ನೆನೆಯುತ್ತದೆ. ಮೇಲಿನ ಕೂಪರ್ಸ್ ಹಿಲ್ ಗುಡ್ಡಕ್ಕೆ ಏರಿದರೆ ಎರಡನೆಯ ಮಹಾಯುದ್ಧದಲ್ಲಿ ಸಮಾಧಿಯಿಲ್ಲದೆ ಮಡಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾಮನ್‌ವೆಲ್ತ್ ವಾಯುಪಡೆಯವರ ಹೆಸರುಗಳನ್ನು ಕೆತ್ತಿದ ಸ್ಮಾರಕ ಸಿಗುತ್ತದೆ. ಅವುಗಳಲ್ಲಿ ನೂರ್ ಇನಾಯತ್ ಖಾನ್ ಅವರ ಹೆಸರಿದೆ. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವರು, ತಾಯಿ ಅಮೆರಿಕದವರು. 1943ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ಗೆ ಗುಪ್ತ ರೇಡಿಯೊ ಸಂದೇಶಕಿಯಾಗಿ ಹೋಗಿ, ಸೆರೆಸಿಕ್ಕಿ, 1944ರ ಸೆಪ್ಟೆಂಬರಿನಲ್ಲಿ ಡಖಾವ್ ಶಿಬಿರದಲ್ಲಿ ಕೊಲೆಯಾದರು. 1949ರಲ್ಲಿ ಅವರಿಗೆ ಮರಣೋತ್ತರವಾಗಿ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಸಂದಿತು. ಶ್ರೀರಂಗಪಟ್ಟಣವನ್ನು ನೋಡಿ ಬೆಳೆದವರು, ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಆ ಹೆಸರಿನ ಮುಂದೆ ನಿಲ್ಲದೆ ಹಿಂತಿರುಗಬಾರದು.

ಲಂಡನ್ನಿನೊಳಗೇ ಉಳಿಯುವುದಾದರೆ

ರೈಲು ಪ್ರಯಾಣವೇ ಬೇಡವೆನ್ನುವವರಿಗೆ ನಗರದೊಳಗಿನ ನಡಿಗೆಯೂ ಸಮೃದ್ಧವಾದ ಆಯ್ಕೆ. ಚೇರಿಂಗ್ ಕ್ರಾಸ್ ನಿಲ್ದಾಣದ ಪಕ್ಕದ ಕ್ರೇವನ್ ಸ್ಟ್ರೀಟ್‌ನ 36ನೆಯ ಮನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1757ರಿಂದ 1775ರವರೆಗೆ, ನಡುವೆ ಎರಡು ವರ್ಷ ಬಿಟ್ಟು, ಬಾಡಿಗೆಗೆ ವಾಸಿಸಿದ್ದರು. ಅವರು ಬಾಳಿದ ಮನೆಗಳಲ್ಲಿ ಪ್ರಪಂಚದಲ್ಲೆಲ್ಲ ಉಳಿದಿರುವುದು ಇದೊಂದೇ. ಫಿಲಡೆಲ್ಫಿಯಾದ ಮನೆ ಕೂಡ ಈಗ ಇಲ್ಲ. ಮೆಟ್ಟಿಲುಗಳೂ ನೆಲದ ಹಲಗೆಗಳೂ ಬಹುಮಟ್ಟಿಗೆ ಆ ಕಾಲದವೇ. ಕೋಣೆಗಳಲ್ಲಿ ಪೀಠೋಪಕರಣಗಳು ಕಡಿಮೆಯಾದ್ದರಿಂದ ಅರಮನೆಯ ವೈಭವವನ್ನು ನಿರೀಕ್ಷಿಸಬಾರದು, ಆದರೆ ನಿಜತ್ವದ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಮೆಟ್ಟಿಲು ಕಿರಿದು ಮತ್ತು ಕಡಿದು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ಮುಂಗಡ ಟಿಕೆಟ್ ಮಾಡಿಸಿಕೊಂಡೇ ಹೋಗಬೇಕು.

ಅಲ್ಲಿಂದ ಹೆಜ್ಜೆಯ ದೂರದಲ್ಲಿ, ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಮುಂದೆ, ವರ್ಜೀನಿಯಾ ರಾಜ್ಯ 1921ರಲ್ಲಿ ಕೊಟ್ಟ ಜಾರ್ಜ್ ವಾಷಿಂಗ್ಟನ್ ಪ್ರತಿಮೆಯಿದೆ. ನದಿಯಾಚೆಯ ಸದಕ್ ಕೆಥೆಡ್ರಲ್‌ನಲ್ಲಿ 1607ರ ನವೆಂಬರಿನಲ್ಲಿ ಜಾನ್ ಹಾರ್ವರ್ಡ್‌ಗೆ ದೀಕ್ಷಾಸ್ನಾನವಾಯಿತು. ತನ್ನ ಪುಸ್ತಕಗಳನ್ನೂ ಅರ್ಧ ಆಸ್ತಿಯನ್ನೂ ಹೊಸ ಕಾಲೇಜಿಗೆ ಬಿಟ್ಟು ಸತ್ತ ಆತನ ಹೆಸರನ್ನೇ ಹಾರ್ವರ್ಡ್ ವಿಶ್ವವಿದ್ಯಾಲಯ ಹೊತ್ತಿದೆ. ಲಂಡನ್ ಗೋಪುರದ ಪಕ್ಕದ ಆಲ್ ಹ್ಯಾಲೋಸ್ ಚರ್ಚಿನಲ್ಲಿ ಪೆನ್ಸಿಲ್ವೇನಿಯಾದ ಸ್ಥಾಪಕ ವಿಲಿಯಂ ಪೆನ್‌ಗೆ 1644ರಲ್ಲಿ ದೀಕ್ಷಾಸ್ನಾನವಾಯಿತು, ಮುಂದೆ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸ್ 1797ರಲ್ಲಿ ಮದುವೆಯಾದರು. ಇನ್ನೂ ಪೂರ್ವಕ್ಕೆ, ರಾದರ್‌ಹೈದ್‌ನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಮೇಫ್ಲವರ್ ಹಡಗಿನ ನಾಯಕ ಕ್ರಿಸ್ಟಫರ್ ಜೋನ್ಸ್‌ನನ್ನು 1622ರಲ್ಲಿ ಹೂಳಿದರು.

ಕನ್ನಡಿಗರು ಈ ನಡಿಗೆಗೆ ಸೇಂಟ್ ಪಾಲ್ಸ್ ಕೆಥೆಡ್ರಲನ್ನು ತಪ್ಪದೆ ಸೇರಿಸಿಕೊಳ್ಳಬೇಕು. ಮುಖ್ಯ ಪೂಜಾವೇದಿಕೆಯ ಹಿಂದೆ, ಬಾಂಬಿನಿಂದ ಹಾಳಾದ ಜಾಗದಲ್ಲಿ, 1958ರಲ್ಲಿ ಅಮೆರಿಕನ್ ಸ್ಮಾರಕ ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ನೆಲೆಸಿದ್ದು ಎರಡನೆಯ ಮಹಾಯುದ್ಧದಲ್ಲಿ ಮಡಿದ 28,000 ಅಮೆರಿಕನ್ನರ ಹೆಸರುಗಳ ಪುಸ್ತಕ ಅಲ್ಲಿದೆ. ಮರದ ಕೆತ್ತನೆಯಲ್ಲಿ ಅಮೆರಿಕದ ಗಿಡ ಮತ್ತು ಹಕ್ಕಿಗಳ ನಡುವೆ ಒಂದು ಪುಟ್ಟ ರಾಕೆಟ್ ಅಡಗಿದೆ, ಅದನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಅದೇ ಸೂರಿನ ಅಡಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಸ್ಮಾರಕವೂ ಇದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಸೇನೆಗೆ ಶರಣಾದ ಸೇನಾಪತಿಯೇ ಹತ್ತು ವರ್ಷದ ಬಳಿಕ, 1791ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕೋಟೆಯನ್ನು ಹಿಡಿದು ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಅಮೆರಿಕದ ಚರಿತ್ರೆಯೂ ಕರ್ನಾಟಕದ ಚರಿತ್ರೆಯೂ ಒಬ್ಬನೇ ವ್ಯಕ್ತಿಯಲ್ಲಿ ಸಂಧಿಸುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇಂಗ್ಲೆಂಡಿನಲ್ಲಿ ಬೇರೊಂದನ್ನು ನಾನು ಕಂಡಿಲ್ಲ.

ಇವೆಲ್ಲವನ್ನೂ ಒಂದೇ ದಿನ ನೋಡಲು ಹೊರಟರೆ ಕಾಲು ಸೋಲುತ್ತದೆ. ಬೆಳಿಗ್ಗೆ ಫ್ರಾಂಕ್ಲಿನ್ ಮನೆ, ಮಧ್ಯಾಹ್ನ ಸೇಂಟ್ ಪಾಲ್ಸ್, ಅಲ್ಲಿಂದ ಕಾಲುಸೇತುವೆ ದಾಟಿ ಸದಕ್: ಇಷ್ಟು ಸಾಕಾಗುತ್ತದೆ.

ವಾಷಿಂಗ್ಟನ್ ಮನೆತನದ ಎರಡು ಮನೆಗಳು

ಜಾರ್ಜ್ ವಾಷಿಂಗ್ಟನ್ ಇಂಗ್ಲೆಂಡಿಗೆ ಕಾಲಿಟ್ಟವರಲ್ಲ. ಅವರ ಮುತ್ತಜ್ಜ ಜಾನ್ ವಾಷಿಂಗ್ಟನ್ 1650ರ ದಶಕದಲ್ಲೇ ವರ್ಜೀನಿಯಾ ಸೇರಿದ್ದ. ಆದ್ದರಿಂದ ಪೂರ್ವಜರ ಮನೆಗಳಲ್ಲಿ ಅಧ್ಯಕ್ಷರ ನೆನಪುಗಳಿಗಿಂತ ಆ ವಂಶ ಹೇಗೆ ಬೆಳೆಯಿತು ಎಂಬುದನ್ನು ನೋಡಬೇಕು. ನಾರ್ಥಾಂಪ್ಟನ್‌ಶೈರ್‌ನ ಸಲ್ಗ್ರೇವ್ ಮ್ಯಾನರ್ ಈ ದೃಷ್ಟಿಯಿಂದ ಅರ್ಥಪೂರ್ಣ. ಉಣ್ಣೆಯ ವ್ಯಾಪಾರದಲ್ಲಿ ದುಡ್ಡು ಮಾಡಿ ನಾರ್ಥಾಂಪ್ಟನ್ ಪಟ್ಟಣದ ಮೇಯರ್ ಆಗಿದ್ದ ಲಾರೆನ್ಸ್ ವಾಷಿಂಗ್ಟನ್, ಎಂಟನೆಯ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ಮಾರಿದಾಗ, 1539ರಲ್ಲಿ ಈ ಆಸ್ತಿಯನ್ನು ಕೊಂಡು ಮನೆ ಕಟ್ಟಿಸಿದ. ಮುಂಬಾಗಿಲ ಮೇಲಿನ ಕುಲಲಾಂಛನದಲ್ಲಿ ಮೂರು ನಕ್ಷತ್ರ, ಎರಡು ಅಡ್ಡಪಟ್ಟೆಗಳಿವೆ. ಅಮೆರಿಕದ ಬಾವುಟ ಹುಟ್ಟಿದ್ದೇ ಇದರಿಂದ ಎಂಬ ಮಾತಿಗೆ ಆಧಾರ ಸಾಲದು; ವಾಷಿಂಗ್ಟನ್ ಡಿ.ಸಿ. ನಗರದ ಬಾವುಟ ಮಾತ್ರ ಖಂಡಿತವಾಗಿ ಈ ಲಾಂಛನದ ಪ್ರತಿ. ಮಧ್ಯದ ದೊಡ್ಡ ಹಜಾರವೂ ಮುಂಬಾಗಿಲೂ ಲಾರೆನ್ಸನ ಕಾಲದವು, ಒಂದು ಪಾರ್ಶ್ವವಂತೂ ತೀರ ಈಚಿನದು, 20ನೆಯ ಶತಮಾನದಲ್ಲಿ ಕಟ್ಟಿದ್ದು. ಎರಡು ದೇಶಗಳ ನಡುವಿನ ನೂರು ವರ್ಷದ ಶಾಂತಿಯ ನೆನಪಿಗಾಗಿ 1914ರಲ್ಲಿ ಚಂದಾ ಎತ್ತಿ ಇದನ್ನು ಕೊಂಡರು. ಮೆರಿಲಬೋನ್ ನಿಲ್ದಾಣದಿಂದ ಬಾನ್‌ಬರಿಗೆ ಒಂದು ಗಂಟೆ, ಮುಂದಕ್ಕೆ ಟ್ಯಾಕ್ಸಿಯೇ ಗತಿ. ಕಾರಿದ್ದವರಿಗೆ ಇದು ಹಿತವಾದ ದಿನ.

ವಂಶಕ್ಕೆ ಹೆಸರು ಕೊಟ್ಟ ಊರು ಸಂಡರ್‌ಲ್ಯಾಂಡ್ ಬಳಿಯ ವಾಷಿಂಗ್ಟನ್. ಅಲ್ಲಿನ ಓಲ್ಡ್ ಹಾಲ್ ನ್ಯಾಷನಲ್ ಟ್ರಸ್ಟ್ ಒಡೆತನದಲ್ಲಿದೆ, ಆದರೆ ಈಗ ಕಾಣುವ ಕಟ್ಟಡ ಹೆಚ್ಚಾಗಿ ಮನೆತನದವರು ಅದನ್ನು ಬಿಟ್ಟ ಮೇಲಿನದು. ನ್ಯೂಕಾಸಲ್ ಅಥವಾ ಡರಮ್‌ನಲ್ಲಿ ನೆಂಟರಿದ್ದರೆ ನೋಡಿ; ಲಂಡನ್ನಿನಿಂದ ಬೇಡ.

ಯುದ್ಧದ ಎಳೆ: ಕೇಂಬ್ರಿಡ್ಜ್ ಮತ್ತು ಡಕ್ಸ್‌ಫರ್ಡ್

ಕೇಂಬ್ರಿಡ್ಜ್ ಹೊರವಲಯದ ಮ್ಯಾಡಿಂಗ್ಲಿಯಲ್ಲಿ, ವಿಶ್ವವಿದ್ಯಾಲಯ ಕೊಟ್ಟ ನೆಲದಲ್ಲಿ, 3,800ಕ್ಕೂ ಹೆಚ್ಚು ಅಮೆರಿಕನ್ನರ ಸಮಾಧಿಗಳಿವೆ. ಬಿಳಿಯ ಶಿಲುಬೆಗಳು ಮತ್ತು ಯಹೂದಿ ನಕ್ಷತ್ರಗಳು ಕಮಾನಿನ ಸಾಲುಗಳಲ್ಲಿ ನಿಂತಿವೆ; ಪಕ್ಕದ ಉದ್ದನೆಯ ಗೋಡೆಯಲ್ಲಿ ದೇಹ ಸಿಗದ 5,100ಕ್ಕೂ ಹೆಚ್ಚು ಜನರ ಹೆಸರುಗಳಿವೆ, ಅಧ್ಯಕ್ಷ ಕೆನಡಿಯ ಅಣ್ಣ ಜೋಸೆಫ್ ಮತ್ತು ಸಂಗೀತಗಾರ ಗ್ಲೆನ್ ಮಿಲ್ಲರ್ ಅವರದೂ ಸೇರಿ. ಪ್ರವೇಶ ಉಚಿತ. ಡಕ್ಸ್‌ಫರ್ಡ್ ವಿಮಾನ ನಿಲ್ದಾಣದಲ್ಲಿ 1943ರಿಂದ ಅಮೆರಿಕದ ಯುದ್ಧವಿಮಾನ ಪಡೆ ಬೀಡುಬಿಟ್ಟಿತ್ತು. ಈಗ ಅಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸದ ಅಮೆರಿಕನ್ ಏರ್ ಮ್ಯೂಸಿಯಂ ಇದೆ. 1997ರಲ್ಲಿ ತೆರೆದ ಅದರ ಒಳಗೆ ಬಿ-52 ಬಾಂಬರ್ ಪೂರ್ತಿಯಾಗಿ ನಿಂತಿದೆ. ಹೊರಗಿನ 52 ಗಾಜಿನ ಫಲಕಗಳಲ್ಲಿ ಬ್ರಿಟನ್ನಿನಿಂದ ಹಾರಿ ಮರಳದ 7,031 ವಿಮಾನಗಳ ರೇಖಾಚಿತ್ರಗಳನ್ನು ಕೆತ್ತಿದ್ದಾರೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಈ ಪಟ್ಟಿಯಲ್ಲಿ ಡಕ್ಸ್‌ಫರ್ಡ್‌ಗಿಂತ ಹಿಡಿಸುವ ಜಾಗ ಇನ್ನೊಂದಿಲ್ಲ. ಆದರೆ ಅನುಕ್ರಮ ಮುಖ್ಯ: ಬೆಳಿಗ್ಗೆ ವಿಮಾನಗಳು, ಆಮೇಲೆ ಸಮಾಧಿಗಳು. ಆಗ ಆ ಯಂತ್ರಗಳೊಳಗೆ ಕುಳಿತವರು ಯಾರು, ಎಷ್ಟು ಎಳೆಯರು ಎಂಬುದು ಮಕ್ಕಳಿಗೆ ತಿಳಿಯುತ್ತದೆ. ಲಂಡನ್ನಿನಿಂದ ಕೇಂಬ್ರಿಡ್ಜ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದರೂ ಎರಡು ತಾಣಗಳು ಊರಿನ ಬೇರೆಬೇರೆ ದಿಕ್ಕುಗಳಲ್ಲಿರುವುದರಿಂದ ಟ್ಯಾಕ್ಸಿ ಅಥವಾ ಕಾರು ಬೇಕಾಗುತ್ತದೆ.

ಬಾತ್ ನಗರವನ್ನು ಹೇಗೂ ನೋಡುವವರು ಅದರ ಹೊರಗಿನ ಕ್ಲಾವರ್ಟನ್ ಮ್ಯಾನರ್‌ನ ಅಮೆರಿಕನ್ ಮ್ಯೂಸಿಯಂಗೆ ಎರಡು ಗಂಟೆ ಕೊಡಬಹುದು. 1961ರಲ್ಲಿ ಆರಂಭವಾದ ಅಲ್ಲಿನ ಕೌದಿಗಳ ಸಂಗ್ರಹ ನಮ್ಮ ಹಳ್ಳಿಗಳಲ್ಲಿ ಕೌದಿ ಹೊಲಿಯುವವರಿಗೆ ಖಂಡಿತ ಇಷ್ಟವಾಗುತ್ತದೆ. ಚರಿತ್ರೆ ಅಲ್ಲೇ ನಡೆದ ತಾಣ ಅದಲ್ಲ, ಆದ್ದರಿಂದ ಅದಕ್ಕಾಗಿಯೇ ಒಂದು ದಿನವನ್ನು ತೆಗೆದಿಡಬೇಕಾಗಿಲ್ಲ.

ಯಾವಾಗ ಹೋಗುವುದು ಎಂಬುದೂ ಆಯ್ಕೆಯನ್ನು ಬದಲಿಸುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಕತ್ತಲಾಗುವುದರಿಂದ ರನ್ನಿಮೀಡ್ ಮತ್ತು ಮ್ಯಾಡಿಂಗ್ಲಿಯನ್ನು ಬಿಟ್ಟು ಲಂಡನ್ ನಡಿಗೆಯನ್ನು ಹಿಡಿಯುವುದು ಒಳ್ಳೆಯದು. ಹಳ್ಳಿಗಳ ಹಳೆಯ ಮನೆಗಳು ಚಳಿಗಾಲದಲ್ಲಿ ಮುಚ್ಚುವುದುಂಟು, ಸಲ್ಗ್ರೇವ್‌ಗೆ ಹೊರಡುವ ಮುನ್ನ ಅದರ ಜಾಲತಾಣದಲ್ಲಿ ದಿನ ನೋಡಿಕೊಳ್ಳಬೇಕು. ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದ ಸ್ಮರಣೆಯ ದಿನವೂ ಇಂಗ್ಲೆಂಡಿನ ಸಾರ್ವಜನಿಕ ರಜೆಯೂ ಆಗಿದ್ದು ಆ ಹೊತ್ತಿಗೆ ಮ್ಯಾಡಿಂಗ್ಲಿಯಲ್ಲಿ ವಿಶೇಷ ಸಭೆ ನಡೆಯುತ್ತದೆ, ಬಸ್ಸುಗಳು ಮಾತ್ರ ಕಡಿಮೆ. ನವೆಂಬರಿನಲ್ಲಿ ಬರುವವರು ನಾಲ್ಕನೆಯ ಗುರುವಾರ ಸೇಂಟ್ ಪಾಲ್ಸ್‌ನಲ್ಲಿ ಅಮೆರಿಕನ್ನರಿಗಾಗಿ ನಡೆಯುವ ಕೃತಜ್ಞತಾ ಪ್ರಾರ್ಥನೆಗೆ ಹೋಗಿ, ಮರುದಿನ ಕೆಂಪಾದ ಓಕ್ ಮರವನ್ನು ನೋಡಲು ಎಗಮ್ ರೈಲು ಹಿಡಿಯಬಹುದು.